ಪೋರೊಸ್, ಹೈಡ್ರಾ ಮತ್ತು ರಯನ್

ನೀರೆಂದರೆ ಬೆವರುವ ಮುಕರ್ರಮ್‌ಗೆ ನೀರಿನ ಹುಚ್ಚಿನ ಹೆಂಡತಿಯನ್ನು ಗಂಟು ಹಾಕಿದ್ದು ಆ ದೇವರ ತಮಾಷೆಯೇ ಇರಬೇಕು. ರೆಡ್‌ವುಡ್ ಸಿಟಿಯ ದೋಣಿಕಟ್ಟೆಯ ಮೇಲೆ ಸಮೋಸದ ಡಬ್ಬಿ ಹಿಡಿದು, ಕಂಬಕ್ಕೆ ಆತು ನಿಂತಿದ್ದ ಅವನು. ಎದುರಿನ ಹಾಯಿದೋಣಿಯಲ್ಲಿ ಅಫ್ಶೀನ್. ಅವಳ ಪಕ್ಕದಲ್ಲಿ ರಯನ್.

ರಯನ್ ಅವಳಿಗೆ ಹಾಯಿ ಕಲಿಸಿದವನು. ಬರುವ ತಿಂಗಳು ಶಿಷ್ಯರ ದೋಣಿಗಳ ತಂಡ ಕಟ್ಟಿಕೊಂಡು ಗ್ರೀಸ್ ಸುತ್ತಿಸಲಿರುವವನೂ ಅವನೇ. ಅದರಲ್ಲಿ ಒಂದು ದೋಣಿ ಈ ದಂಪತಿಗಳಿಗೆ. ರಾತ್ರಿ ಎಲ್ಲಿ ತಂಗಬೇಕೆಂಬುದು ಅವರವರ ಇಷ್ಟ.

ಇಬ್ಬರೂ ನಕ್ಷೆಯ ಮೇಲೆ ಬಗ್ಗಿದ್ದರು. ಗಾಳಿಗೆ ಅವಳ ಸ್ಕಾರ್ಫಿನ ಅಂಚು ಹಾರಿ ರಯನ್‌ನ ತೋಳಿಗೆ ಬಡಿಯಿತು. ರಯನ್ ಗಮನಿಸಲೇ ಇಲ್ಲ. ಮುಕರ್ರಮ್ ಗಮನಿಸಿದ.

"ಯುವರ್ ವೈಫ್ ಈಸ್ ಸೋ ಸ್ಟಬರ್ನ್!" ಎಂದು ರಯನ್ ಕೂಗಿದ. ಡೋಕೋಸ್ ದ್ವೀಪದ ಕೊಲ್ಲಿಯಲ್ಲಿ ಲಂಗರು ಹಾಕು, ಅಲ್ಲಿ ಜನರಿಲ್ಲ, ದೀಪವಿಲ್ಲ, ನಕ್ಷತ್ರಗಳಷ್ಟೇ ಎಂದರೂ ಕೇಳಳಂತೆ. ಏಜಿನಾ, ಪೋರೊಸ್, ಹೈಡ್ರಾ, ದಿನವೂ ಊರ ಬಂದರೇ ಬೇಕಂತೆ. ರಾತ್ರಿ ತಂಡದ ಜೊತೆಗೇ ದಡಕ್ಕೆ ದೋಣಿ ಕಟ್ಟುತ್ತಾಳಂತೆ.

ವರ್ಷವಿಡೀ ಅವಳು ಕನವರಿಸಿದ್ದು ಯಾರೂ ಇಲ್ಲದ ಆ ಕೊಲ್ಲಿಯನ್ನೇ. ಈಗ ರಯನ್ ತಂಗುವ ಬಂದರೇ ಬೇಕಾಯಿತೇ? ಮುಕರ್ರಮ್‌ನ ಹೊಟ್ಟೆಯೊಳಗೆ ಹಸಿ ಸೌದೆ ಹೊಗೆಯಾಡತೊಡಗಿತು. "ಅಸ್ತಗ್‌ಫಿರುಲ್ಲಾ" ಎಂದು ದೇವರ ಕ್ಷಮೆ ಬೇಡಿಕೊಂಡ. ಹೊಗೆ ಇಳಿಯಲಿಲ್ಲ.

ರಯನ್ ಸಮೋಸ ಎತ್ತಿಕೊಂಡು ಹೋದ ಮೇಲೆ ಅಫ್ಶೀನ್ ಕಟ್ಟೆಗೆ ಹಾರಿದಳು.

"ಏನ್ರೀ, ಮುಖ ಯಾಕೆ ಹಂಗೆ ಊದಿದೆ?"

"ಗ್ರೀಸ್‌ಗೆ ನೀವಿಬ್ರೇ ಹೋಗ್ಬನ್ನಿ. ನಂಗೆ ಆಫೀಸಲ್ಲಿ ಕೆಲಸ ಇದೆ."

"ನಾವಿಬ್ರು ಅಂದ್ರೆ?"

"ನೀನು, ನಿನ್ನ ರಯನ್ನು."

ಅವಳ ತುಟಿಯಂಚಿಗೆ ಬಂದ ನಗು ಅಲ್ಲೇ ಆರಿಹೋಯಿತು. "ಹೇಳಿಬಿಡಿ, ಪೂರ್ತಿ."

"ಡೋಕೋಸ್, ಡೋಕೋಸ್ ಅಂತಿದ್ದೋಳು ನೀನು. ಈಗ ಅವನಿರೋ ಕಡೆನೇ ಯಾಕೆ?"

ಅಫ್ಶೀನ್ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಲಂಗರು ಹಾಕಿದ ದೋಣಿ ಸುಮ್ನೆ ನಿಲ್ಲಲ್ಲ ರೀ. ಗಾಳಿ ತಿರುಗಿದಂಗೆ ಅದೂ ತಿರುಗುತ್ತೆ. ಬಂದರಲ್ಲಾದ್ರೆ ದಡಕ್ಕೆ ಬಿಗಿದು ಕಟ್ತಾರೆ."

"ಅದಕ್ಕೆ?"

"ಪಾರ್ಕಿಂಗ್ ಲಾಟಲ್ಲೂ ಕಿಬ್ಲಾ ದಿಕ್ಕು ಸರಿ ಇದೆಯಾ ಅಂತ ಹತ್ತು ಸಲ ಫೋನ್ ನೋಡೋ ಮನುಷ್ಯ ನೀವು! ನಮಾಜಿಗೆ ನಿಂತಾಗ ಮಕ್ಕಾ ಒಂದ್ಕಡೆ, ನೀವೊಂದ್ಕಡೆ ಆದ್ರೆ? ರಜೆಯೆಲ್ಲಾ ಕೊರಗ್ತೀರಿ. ಹೇಳಿದ್ರೆ 'ನಂಗೋಸ್ಕರ ಬಿಡ್ಬೇಡ' ಅಂತೀರಿ. ಅದಕ್ಕೇ ಸುಮ್ನಿದ್ದೆ. ರಯನ್ನಂತೆ, ರಯನ್ನು!"

ಕಾಲಡಿಯ ಹಲಗೆ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಮುಕರ್ರಮ್‌ಗೆ. ಕೆಳಗಿರುವುದು ನೀರೆಂದು ನೆನಪಾಗಿ ಆ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆದ.

"ನಮ್ಮ ನಾನಿ ಹಡಗಲ್ಲೇ ಹಜ್‌ಗೆ ಹೋಗಿದ್ರು," ಎಂದ ಮೆಲ್ಲಗೆ. "'ಹಡಗು ತಿರುಗಿದಂಗೆ ನಾವೂ ತಿರುಗ್ಕೊಳ್ತಿದ್ವಿ, ಆಗದಿದ್ರೆ ಮೇಲಿರೋನಿಗೆ ಗೊತ್ತಾಗಲ್ವಾ' ಅನ್ನೋರು. ಡೋಕೋಸ್‌ಗೇ ಹೋಗೋಣ."

"ಸುತ್ತ ಬರೀ ನೀರು. ಹೆದರಲ್ವಾ?"

"ಹೆದರ್ತೀನಿ. ಆದ್ರೂ..." ಅವನು ತಲೆ ತಗ್ಗಿಸಿದ. "ಹೊಟ್ಟೆಕಿಚ್ಚು ರಯನ್ ಮೇಲಷ್ಟೇ ಅಲ್ಲ ಅಫ್ಶೀನ್. ಈ ಹಾಯಿ ಮೇಲೆ, ಗಾಳಿ ಮೇಲೂ. ದೋಣೀಲಿ ನಗೋ ಹಂಗೆ ನೀನು ಮನೇಲಿ ನಕ್ಕಿದ್ದನ್ನ ನಾನು ನೋಡೇ ಇಲ್ಲ."

ಅವಳು ಭುಜಕ್ಕೆ ಭುಜ ತಾಗಿಸಿ ನಿಂತು, ಹೈಡ್ರಾದಲ್ಲಿ ನಾವಿರುವುದಿಲ್ಲ, ಆ ರಾತ್ರಿ ಡೋಕೋಸ್‌ನಲ್ಲೆಂದು ರಯನ್‌ಗೆ ಮೆಸೇಜು ಹಾಕಿದಳು. ಕ್ಷಣದಲ್ಲೇ ಉತ್ತರ ಬಂತು: ಒಂದು ಹೃದಯ.

ಮುಕರ್ರಮ್ ಫೋನಿನ ಮೇಲೆ ಬಗ್ಗಿದ. "ಕೆಂಪು ಯಾಕೆ?"

ಅಫ್ಶೀನ್ ನಕ್ಕಳು. ಕಂಬದ ಮೇಲಿನ ಕಡಲಹಕ್ಕಿ ಬೆದರಿ ಹಾರುವಂತೆ, ಅವನ ಎದೆಗೆ ಹಣೆಯೊತ್ತಿ ನಕ್ಕಳು. ಆ ನಗುವಿನಲ್ಲಿ ಗಾಳಿಗೂ ಹಾಯಿಗೂ ಪಾಲಿರಲಿಲ್ಲ.