ಹಾಗಲವಾಡಿಯ ಸಿಪಿಯು

ಮಚ್ಚು ನನ್ನ ಕುತ್ತಿಗೆಗಲ್ಲ... ನನ್ನ ಮಡಿಲಲ್ಲಿದ್ದ ಸಿಪಿಯು ಮೇಲೆ ಬಂದು ನಿಂತಿತ್ತು!

ಹಾಗಲವಾಡಿಯಿಂದ ಬೆನ್ನು ಹತ್ತಿದ್ದ ಜೀಪು, ಗುಬ್ಬಿ ದಾಟುತ್ತಲೇ ನಮ್ಮ ಪ್ರೈವೇಟ್ ಬಸ್ಸಿಗೆ ಅಡ್ಡ ನಿಂತಿತು. ಹಗಲು ಹನ್ನೊಂದು ಗಂಟೆ. ಕಂಡಕ್ಟರ್ ಗಂಗಹನುಮಯ್ಯ ವಿಷಲ್ಲನ್ನು ಬಾಯಲ್ಲೇ ಮರೆತ.

"ಕೊಡಮ್ಮ ಇತ್ಲಾಗೆ," ಅಂದ ತಿಮ್ಮೇಶ್. ಬಾಡಿಗೆ ರೌಡಿ.

"ಮೂವತ್ತು ವರ್ಷ ಪೊಲೀಸ್ ಕೆಲ್ಸ ಮಾಡಿದೋಳು ಕಣೋ ನಾನು. ಮೊದ್ಲು ಮಚ್ಚು ನೆಟ್ಟಗೆ ಹಿಡ್ಕೊಳೋದು ಕಲ್ತ್ಕೋ!"

ಈಗ ರಿಟೈರ್ಡ್. ಶೆಟ್ಟಿಹಳ್ಳಿಯಲ್ಲಿ ಪತ್ತೇದಾರಿ ಆಫೀಸು. ಪಕ್ಕದಲ್ಲಿ ಕೂತಿದ್ದವಳು ನನಗೆ ಕೇಸು ಕೊಟ್ಟ ಪಾರ್ಟಿ, ಹಾಗಲವಾಡಿಯ ಶಶಿರೇಖಾ. ಗುಬ್ಬಿಯ ಬೇಸಾಯದ ಮಾಸಪತ್ರಿಕೆಯೊಂದರ ಹಳೇ ಸಂಚಿಕೆಗಳನ್ನೆಲ್ಲ ನಾಲ್ಕು ವರ್ಷ ಕೂತು ಟೈಪ್ ಮಾಡಿದ್ದಾಳೆ. ಮಾರೋದಕ್ಕಲ್ಲ... ರೈತರ ಯಾವ ಪದ ಎಷ್ಟು ಸಲ ಬಂದಿದೆ ಅಂತ ಕಂಪ್ಯೂಟರಿನಲ್ಲಿ ಎಣಿಸೋದಕ್ಕೆ. ಸೋಮವಾರ ತುಮಕೂರಿನಲ್ಲಿ ಪಿಎಚ್‌ಡಿ ಗೈಡ್ ಮುಂದಿಡಬೇಕು. ಎಲ್ಲ ಇರೋದು ಈ ಸಿಪಿಯುನಲ್ಲೇ, ಇನ್ನೊಂದು ಕಾಪಿ ಇಲ್ಲ!

ಪತ್ರಿಕೆಯ ಮಾಲೀಕ ಗುರುಪ್ರಕಾಶ್ ಬಸ್ಸು ಹತ್ತಿದ. ಗರಿಗರಿ ಬಿಳಿ ಅಂಗಿ. ಕೈಯಲ್ಲಿ ಲಾಯರ್ ನೋಟೀಸು.

"ಕಾಪಿರೈಟ್ ನಂದು ಕಣಮ್ಮ. ಒಂದಕ್ಷರಾನೂ ಬರ್ಕೊಳ್ಳಂಗಿಲ್ಲ!"

"ಓದ್ಬೋದಾ?" ಅಂದೆ.

"ಓದ್ಲಿ, ಯಾರ್ ಬ್ಯಾಡ ಅಂದೋರು?"

"ಇವ್ಳೂ ಓದ್ತಾವ್ಳೆ. ಮಿಷನ್ ಕೈಲಿ ಸ್ವಲ್ಪ ಬೇಗ ಓದಿಸ್ತಾವ್ಳೆ, ಅಷ್ಟೇಯ. ಸಂಶೋಧನೆಗೆ ಕಾನೂನಲ್ಲೇ ಜಾಗ ಐತೆ. ಸೆಕ್ಷನ್ ಐವತ್ತೆರಡು!"

"ಕೋರ್ಟಲ್ಲಿ ಹೇಳ್ಕೊ ಹೋಗಮ್ಮ. ಹತ್ತು ವರ್ಷ ಅಲೀರಿ!"

ಕಣ್ಸನ್ನೆ ಮಾಡಿದ. ಮಚ್ಚು ಮೇಲೆದ್ದಿತು.

ತಿಮ್ಮೇಶನ ಮಣಿಕಟ್ಟು ಹಿಡಿದು ತಿರುಚಿದೆ. ಲಟಕ್!

ಮಚ್ಚು ಸೀಟಿನ ಕೆಳಗೆ. ಅವನೂ.

ಆಗ ಶಶಿರೇಖಾ ಎದ್ದಳು. ಚೀಲದಿಂದ ಪದಗಳ ಎಣಿಕೆಯ ಮಾರುದ್ದದ ಪ್ರಿಂಟೌಟ್ ಎಳೆದಳು.

"ಸಾರ್, ನಿಮ್ ಪತ್ರಿಕೇಲಿ ಅತಿ ಹೆಚ್ಚು ಸಲ ಬಂದಿರೋ ಸಾಲು ಯಾವ್ದು ಗೊತ್ತಾ? ಮುನ್ನೂರ ಹನ್ನೆರಡು ಸಂಚಿಕೆ... ಮುನ್ನೂರ ಹನ್ನೆರಡು ಸಲ! ಕೊನೇ ಪುಟದ ಅಡೀಲಿ."

ಇಡೀ ಬಸ್ಸಿಗೆ ಕೇಳುವ ಹಾಗೆ ಓದಿದಳು:

"'ಇದರಲ್ಲಿರುವುದನ್ನು ಯಾರು ಬೇಕಾದರೂ ಬರೆದುಕೊಳ್ಳಿ, ಎಲ್ಲರಿಗೂ ಹಂಚಿ. ಇಂತಿ, ಸಂಪಾದಕ ಮಹಾಲಿಂಗಯ್ಯ.'"

ಗುರುಪ್ರಕಾಶ್ ಬಿಳುಚಿಕೊಂಡ. ಮಹಾಲಿಂಗಯ್ಯ ಅವನ ಅಪ್ಪ! 1977ರಲ್ಲಿ ಜೋಡಿಸಿದ ಆ ಸಾಲಿನ ಅಚ್ಚುಮೊಳೆಗಳನ್ನು ಪ್ರೆಸ್ಸಿನವರು ಬಿಚ್ಚಿಯೇ ಇರಲಿಲ್ಲ. ದಾರ ಸುತ್ತಿ ಎತ್ತಿಟ್ಟು, ಪ್ರತಿ ತಿಂಗಳೂ ಹಾಗೇ ತಂದು ಕೂರಿಸುತ್ತಿದ್ದರು.

"ಅದು... ಅಪ್ಪ ಹಾಕ್ಸಿದ್ದು... ನಾನು ಕೊನೇ ಪುಟ ನೋಡೋದೇ ಇಲ್ಲ..."

"ನಾವು ನೋಡ್ತೀವಿ ಬುಡಪ್ಪ!" ಹಿಂದಿನ ಸೀಟಿನಿಂದ ಒಂದು ಗಂಟಲು. ಬಸ್ಸಿಗೆ ಬಸ್ಸೇ ನಕ್ಕಿತು.

ಗುರುಪ್ರಕಾಶ್ ನೋಟೀಸು ಮಡಚಿ ಜೇಬಿಗಿಟ್ಟ. ಮೆಟ್ಟಿಲಿಳಿಯುತ್ತ ತಿರುಗಿ ಹಲ್ಲು ಕಡಿದ.

"ಮುಂದಿನ ತಿಂಗ್ಳಿಂದ ಆ ಸಾಲು ತೆಗೆಸ್ತೀನಿ!"

"ತೆಗೆಸಪ್ಪ," ಅಂದೆ. "ಯಾವ ಮಾತು ಯಾವ ತಿಂಗ್ಳು ಸತ್ತೋಯ್ತು ಅಂತ ಬರ್ಕೊಳೋದೇ ಇವ್ಳ ಕೆಲ್ಸ."