ಹೆಣವಿಲ್ಲದ ಚರಣ

"ಎಷ್ಟು ದೊಡ್ಡ ತೋಟ ನಿಮ್ದು?"

ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು. ಮಾತಿನಲ್ಲಿ ಮರ್ಯಾದೆ ಇತ್ತು, ಕಣ್ಣಿನಲ್ಲಿ ಚೂರೂ ಇರಲಿಲ್ಲ.

ನಾನಿದ್ದದ್ದು ನಾಲ್ಕನೇ ಮಹಡಿಯ ಒಂಟಿ ಕೋಣೆಯಲ್ಲಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ತೋಟ ಹಾಗಿರಲಿ, ಒಂದು ಹೂವಿನ ಕುಂಡ ತಂದಿಟ್ಟರೂ ನಾನು ಹೊರಗೆ ಮಲಗಬೇಕಾಗುತ್ತಿತ್ತು. ಆದರೂ ಅವಳ ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರವನ್ನು ಮತ್ತೆ ಮತ್ತೆ ತರುತ್ತಿದ್ದೆ.

"ತೋಟ ಇಲ್ಲ," ಅಂದೆ.

"ಮತ್ತೆ ಯಾಕೆ ದಾರ? ಮೀನು ಹಿಡಿಯೋಕಾ? ಇದಕ್ಕೆ ತಿಮಿಂಗಿಲವೇ ಬೀಳ್ಬೇಕು."

"ಬೇಸ್‌ಗೆ. ನಿಂತ್ಕೊಂಡು ನುಡಿಸೋ ದೊಡ್ಡ ಡಬಲ್ ಬೇಸ್ ಇರುತ್ತಲ್ಲ, ಅದಕ್ಕೆ ತಂತಿ ಹಾಕೋಕೆ. ಉಕ್ಕಿನ ತಂತಿ ಹಾಕಿದ್ರೆ ಬೆರಳು ಕಿತ್ತು ಹೋಗುತ್ತೆ. ನಾವು ಮೀಟಲ್ಲ, ತಂತಿ ಎಳೆದು ಹೊಡೀತೀವಿ."

"ಯಾಕೆ, ಅದೇನು ತಪ್ಪು ಮಾಡಿದೆ?"

ಅವಳು ದಾರ ಸುತ್ತಿ ಕೊಟ್ಟು, ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿಕೊಂಡು, ಹುಬ್ಬನ್ನು ಒಂದಿಷ್ಟು ಮೇಲೆತ್ತಿ ನನ್ನನ್ನೇ ನೋಡಿದಳು. ಆ ಹುಬ್ಬು ಕೆಳಗಿಳಿಯುವವರೆಗೂ ನಾನು ಉಸಿರು ಬಿಟ್ಟಂತೆ ನೆನಪಿಲ್ಲ. ನಿಜ ಹೇಳಬೇಕೆಂದರೆ ತಂತಿ ಅಷ್ಟು ಬೇಗ ಸವೆಯುವುದೂ ಇಲ್ಲ. ನನ್ನ ಮಂಚದ ಕೆಳಗೆ ಆಗಲೇ ಊರ ಹುಲ್ಲನ್ನೆಲ್ಲ ಕತ್ತರಿಸುವಷ್ಟು ದಾರ ಬಿದ್ದಿತ್ತು.

ನನ್ನ ಕೆಲಸ ಲಿಫ್ಟ್ ರಿಪೇರಿ. ಜನ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದಾಗ ಬಾಗಿಲಿಗೆ ಬಾಯಿಟ್ಟು, "ಹೆದರ್ಬೇಡಿ, ನಾನಿದೀನಿ," ಅಂತ ಧೈರ್ಯ ಹೇಳುವವನು ನಾನು. ಮುಖ ಕಾಣದವರಿಗೆ ಎಷ್ಟು ಬೇಕಾದರೂ ಹೇಳಬಲ್ಲೆ. ಎದುರಿಗೆ ಅವಳು ನಿಂತರೆ ನಾಲಿಗೆಯೇ ಎರಡು ಮಹಡಿಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು.

ನಾನು ಬೇಸ್ ನುಡಿಸುತ್ತಿದ್ದ ಬ್ಯಾಂಡ್ ಕಟ್ಟಿದ್ದು ನಮ್ಮ ಭಾವ. ಅಕ್ಕನ ಗಂಡ, ಹಗಲೆಲ್ಲ ಸಲೂನಿನಲ್ಲಿ ಮಂದಿಯ ತಲೆ, ಭಾನುವಾರ ಮಾತ್ರ ಗಿಟಾರ್. "ಮನೆಗೆ ಮಾರಿ, ಊರಿಗೆ ಉಪಕಾರಿ," ಅಂತ ಅಕ್ಕ ಬೈಯುತ್ತಲೇ ನಮ್ಮ ಕರಿ ಅಂಗಿಗಳಿಗೆ ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಭಾವನಿಗೆ ಸೈಕೋಬಿಲಿ ಹುಚ್ಚು. ಹಳೇ ರಾಕ್ ಅಂಡ್ ರೋಲ್‌ಗೆ ಪಂಕ್‌ನ ಸಿಟ್ಟು ಹಾಕಿ ಕಲಸಿ, ಮೇಲೆ ದೆವ್ವ ಭೂತ ಉದುರಿಸಿದರೆ ಸೈಕೋಬಿಲಿ. ತಲೆಯ ಎರಡೂ ಕಡೆ ಬೋಳು, ನಡುವೆ ಕೂದಲು ಹುಂಜದ ಜುಟ್ಟು. ಬೇಸ್ ಕುದುರೆಯಂತೆ ಓಡಬೇಕು, ಹಾಡಿನಲ್ಲಿ ಯಾರಾದರೂ ಸತ್ತಿರಬೇಕು.

ಬ್ಯಾಂಡಿಗೆ 'ಹೆಣದ ಶೃಂಗಾರ' ಅಂತ ಹೆಸರಿಟ್ಟವರೂ ಅವರೇ. ಅವರು ಮಾಡಿದ ನಿಯಮ ಒಂದೇ ಒಂದು. ಹಾಡಿಗೊಂದು ಹೆಣ ಬೇಕೇ ಬೇಕು. "ಬದುಕಿರೋರ ಪ್ರೀತಿಗೆ ಬೇರೆ ಬ್ಯಾಂಡ್‌ಗಳಿವೆ. ನಾವು ಸತ್ತವರ ಕಡೆಯವರು," ಅನ್ನುತ್ತಿದ್ದರು.

ಡ್ರಮ್ ಬಾರಿಸುತ್ತಿದ್ದವನು ಮದುವೆಯಾಗಿ ಬ್ಯಾಂಡ್ ಬಿಟ್ಟ ವಾರ, ನಾನು ಎಂದಿನಂತೆ ದಾರ ತರಲು ಹೋಗಿದ್ದೆ. ಅವಳು ಗೋದಾಮಿನಲ್ಲಿ ಹಳೇ ಪೇಂಟ್ ಡಬ್ಬಿಗಳನ್ನು ಎರಡು ಕೋಲಿನಿಂದ ತಟ್ಟುತ್ತಾ ಹೋಗುತ್ತಿದ್ದಳು. ಯಾವುದರಲ್ಲಿ ಪೇಂಟ್ ಒಣಗಿದೆ, ಯಾವುದರಲ್ಲಿ ಅರ್ಧ ಉಳಿದಿದೆ ಅಂತ ಸದ್ದಿನಲ್ಲೇ ತಿಳಿಯುತ್ತಿತ್ತಂತೆ. ತಟ್ಟುತ್ತಾ ತಟ್ಟುತ್ತಾ ಅವಳಿಗೇ ಮೋಜು ಹತ್ತಿ, ಕೋಲು ವೇಗ ಹಿಡಿದು, ಇಡೀ ಗೋದಾಮು ಕುಣಿಯತೊಡಗಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಏನ್ರೀ, ಹಾಗೆ ಬಾಯಿ ಬಿಟ್ಕೊಂಡು ನಿಂತಿದೀರಿ? ನೊಣ ಹೋಗುತ್ತೆ."

"ಭಾನುವಾರ ಮಧ್ಯಾಹ್ನ ಬಿಡುವಿದೆಯಾ?" ಅಂದೆ. ನನ್ನ ಇಡೀ ಜನ್ಮದಲ್ಲಿ ತಡವರಿಸದೆ ಕೇಳಿದ ಪ್ರಶ್ನೆ ಅದೊಂದೇ.

ಒಂದು ಡ್ರೈಕ್ಲೀನಿಂಗ್ ಅಂಗಡಿಯ ನೆಲಮಾಳಿಗೆ ನಮ್ಮ ಅಡ್ಡ. ಭಾನುವಾರ ಮೇಲೆ ಯಂತ್ರ ನಿಂತಿರುತ್ತಿತ್ತು, ಕೆಳಗೆ ನಾವು ಶುರುವಾಗುತ್ತಿದ್ದೆವು. ಪೋಸ್ಟರ್ ಇಲ್ಲ, ಪ್ರಚಾರ ಇಲ್ಲ, ಕಿವಿಯಿಂದ ಕಿವಿಗೆ ಸುದ್ದಿ ಹೋಗಿ ಜನ ಬರುತ್ತಿದ್ದರು. ಬ್ಯಾಂಡ್ ಸೇರಿದ ಅವಳಿಗೆ ಒಂದು ದೊಡ್ಡ ಡ್ರಮ್, ಒಂದು ಚಿಕ್ಕದು, ಒಂದು ತಾಳದ ತಟ್ಟೆ, ಅಷ್ಟೇ. ಕುರ್ಚಿ ಇಲ್ಲ, ನಿಂತೇ ಬಾರಿಸಬೇಕು. ನಾನು ಅವಳನ್ನು ಡಬ್ಬಿ ಅಂದೆ, ಅವಳು ನನ್ನನ್ನು ಲಿಫ್ಟು ಅಂದಳು. ಬೇಗನೆ 'ರೀ' ಹೋಗಿ 'ಕಣೋ' ಬಂತು. ಆ 'ಕಣೋ' ಮೊದಲ ಸಲ ಕಿವಿಗೆ ಬಿದ್ದ ದಿನ ನಾನು ಒಂದು ಕಟ್ಟಡದಲ್ಲಿ ಮೇಲಿನ ಗುಂಡಿಗೆ ಕೆಳಗಿನ ವೈರ್ ಜೋಡಿಸಿ ಬಂದಿದ್ದೆ.

ನುಡಿಸುವಾಗ ನಾನೂ ಅವಳೂ ಎದುರುಬದುರು. ನನ್ನ ಬಲಗೈ ತಂತಿಯನ್ನು ಹೊಡೆಯುವುದೂ ಅವಳ ಕೋಲು ಬೀಳುವುದೂ ಒಂದೇ ಚಣಕ್ಕೆ ಆಗಬೇಕು. ಅದಕ್ಕಾಗಿ ಒಬ್ಬರನ್ನೊಬ್ಬರು ನೋಡುತ್ತಲೇ ಇರಬೇಕು. ಹೀಗೆ ಕೆಲಸದ ನೆಪದಲ್ಲಿ ವಾರಕ್ಕೊಮ್ಮೆ ಅವಳ ಕಣ್ಣನ್ನೇ ನೋಡುತ್ತಾ ನಿಲ್ಲುವ ಭಾಗ್ಯ ನನ್ನದಾಗಿತ್ತು. ಹಣೆಯ ಬೆವರು ಹುಬ್ಬಿಗೆ ಬಂದು ನಿಲ್ಲುವುದು, ನಾನು ತಪ್ಪಿದರೆ ಕೆಳತುಟಿ ಕಚ್ಚಿ ಗದರುವುದು, ಸರಿಹೋದರೆ ಒಂದೇ ಕಣ್ಣಿನಲ್ಲಿ ನಗುವುದು. ಹಾಡುತ್ತಿದ್ದವನೂ ನಾನೇ. 'ಮಣ್ಣು ಕೊಡವಿ ಎದ್ದು ಬಂದೆ, ಬಾಗಿಲು ತೆಗಿಯೇ ಚೆಲುವೆ,' ಅಂತ ಸತ್ತವರ ಪರವಾಗಿ ಅವಳ ಮುಖ ನೋಡಿಕೊಂಡು ಹಾಡುತ್ತಿದ್ದೆ. ಅವಳು ಅದನ್ನು ಸತ್ತವರ ಮಾತು ಅಂತಲೇ ಕೇಳಿಸಿಕೊಳ್ಳುತ್ತಿದ್ದಳು.

ತಡೆಯಲಾರದೆ ಒಂದು ಚರಣ ಬರೆದೆ.

'ಸತ್ತ ಮೇಲೆ ಬಂದು ಕಾಡೋ ತಾಳ್ಮೆ ನನಗಿಲ್ಲ,
ಉಸಿರಿರುವಾಗಲೇ ಹೇಳ್ತೀನಿ ಕೇಳು, ನೀನಿಲ್ದೆ ಆಗೋಲ್ಲ.'

ಮುಂದಿನ ಭಾನುವಾರ ಅಭ್ಯಾಸದಲ್ಲಿ ಹಾಡಿದೆ. ಬೆರಳಿಗೆ ಸುತ್ತಿದ ಟೇಪ್ ಬೆವರಿಗೆ ಬಿಚ್ಚಿಕೊಂಡಿತು. ಹಾಡು ಮುಗಿಯಿತು. ಅವಳು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೀರು ಕುಡಿದಳು. ಅವಳ ಬಾಯಿಂದ ಏನು ಬರುತ್ತದೋ ಅಂತ ನಾನು ಬೇಸ್ ತಬ್ಬಿಕೊಂಡು ನಿಂತಿದ್ದೆ.

"ಆ ಕೊನೇ ಚರಣ ತೆಗೆದ್ಬಿಡು ಕಣೋ."

"ಯಾಕೆ?"

"ಹೆಣ ಎಲ್ಲಿದೆ ಅದ್ರಲ್ಲಿ? ಎಲ್ರೂ ಬದುಕೇ ಇದಾರೆ. ಮೇಲಾಗಿ ಅಲ್ಲಿಗೆ ಬಂದ ತಕ್ಷಣ ನಿನ್ನ ಕೈ ಎಳೆಯುತ್ತೆ. ಓಡೋ ಕುದುರೆ ಕಾಲಿಗೆ ಹಗ್ಗ ಹಾಕಿದ ಹಾಗೆ."

ಭಾವ ನನ್ನನ್ನು ನೋಡಿದರು, ಅವಳನ್ನು ನೋಡಿದರು, ಗಿಟಾರ್ ತಂತಿ ಬಿಗಿ ಮಾಡುವವರಂತೆ ತಲೆ ತಗ್ಗಿಸಿದರು. "ನಿಯಮ ಅಂದ್ರೆ ನಿಯಮ," ಅಂತ ಗೊಣಗಿದರು.

ಚರಣ ಹೋಯಿತು. ನನ್ನ ಮೇಲೆ ಇಷ್ಟವಿಲ್ಲ ಅನ್ನುವುದನ್ನು ಅವಳು ನೋವಾಗದಂತೆ ಹೇಳಿದ್ದಾಳೆ ಅಂದುಕೊಂಡೆ. ಅವಳಿಗೆ ಅರ್ಥವೇ ಆಗಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. ಪಾಪ, ಅವಳಿಗೆ ಅರ್ಥವಾಗುವುದಾದರೂ ಹೇಗೆ? ಪ್ರೀತಿಯ ಮಾತೆಂದರೆ ಗೋರಿಯೊಳಗಿನಿಂದಲೇ ಬರಬೇಕು ಅಂತ ನಾವೇ ಅವಳಿಗೆ ಅಭ್ಯಾಸ ಮಾಡಿಸಿದ್ದೆವು.

ಅದಾಗಿ ಸ್ವಲ್ಪ ದಿನಕ್ಕೆ ದೊಡ್ಡ ಬ್ಯಾಂಡೊಂದರ ಮ್ಯಾನೇಜರ್ ನೆಲಮಾಳಿಗೆಗೆ ಬಂದು ಅವಳು ಬಾರಿಸುವುದನ್ನು ನೋಡಿ ಹೋದ. ಅವರ ಡ್ರಮ್ಮರ್ ಬಿಟ್ಟಿದ್ದನಂತೆ. ದೇಶದಿಂದ ದೇಶಕ್ಕೆ ತಿರುಗುವ ಬ್ಯಾಂಡ್, ವರ್ಷಗಟ್ಟಲೆ ಪ್ರವಾಸ. ಮಾರನೇ ದಿನ ಅವಳು ನಾನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೇ ಬಂದಳು. ನಾನು ಲಿಫ್ಟಿನ ತಳದ ಹೊಂಡದೊಳಗೆ ಗ್ರೀಸ್ ಮೆತ್ತಿಕೊಂಡು ನಿಂತಿದ್ದೆ, ಅವಳು ಮೇಲೆ ಬಾಗಿಲ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಕರೀತಿದಾರೆ. ಹೋಗ್ಲೇನೋ?"

"ಚಿಕ್ಕಪ್ಪ ಏನಂದ್ರು?"

"ಚಿಕ್ಕಪ್ಪ ಬಿಡು, ಡಬ್ಬಿ ತಟ್ಟೋಕೆ ಸಂಬಳ ಕೊಡ್ತಾರಾ ಅಂತ ನಗ್ತಿದಾರೆ. ನಾನು ಕೇಳ್ತಿರೋದು ನಿನ್ನ."

ಕೆಳಗಿನಿಂದ ನೋಡಿದರೆ ಅವಳ ಮುಖದ ಸುತ್ತ ಬೆಳಕಿತ್ತು. ಬೇಡ ಅನ್ನಬೇಕು. ಎರಡೇ ಅಕ್ಷರ. ಆದರೆ ಚರಣವನ್ನೇ ಬೇಡ ಅಂದವಳಿಗೆ ಯಾವ ಮುಖ ಇಟ್ಟುಕೊಂಡು ಬೇಡ ಅನ್ನಲಿ?

"ಹೋಗು. ಇಂಥಾ ಅವಕಾಶ ಮತ್ತೆ ಸಿಗಲ್ಲ," ಅಂದೆ.

"ಅಷ್ಟೇನಾ?"

"ಮತ್ತೇನು?"

ಅವಳು ಎದ್ದು, ಕೈಯ ಧೂಳು ಕೊಡವಿಕೊಂಡಳು. "ನೀನು ಲಿಫ್ಟೇ ಕಣೋ. ಗುಂಡಿ ಒತ್ತಿದ್ರೆ ಮಾತ್ರ ಹೋಗ್ತೀಯ, ಬರ್ತೀಯ," ಅಂದು ಹೊರಟುಹೋದಳು. ಯಾವ ಗುಂಡಿ ಅಂತ ಕೇಳಬೇಕಿತ್ತು. ಕೇಳುವಷ್ಟರಲ್ಲಿ ಅವಳ ಚಪ್ಪಲಿ ಸದ್ದು ರಸ್ತೆ ಸೇರಿತ್ತು.

ಅವಳು ನಮ್ಮೊಡನೆ ಕೊನೆಯದಾಗಿ ನುಡಿಸಿದ ಭಾನುವಾರ ನೆಲಮಾಳಿಗೆಯಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಭಾವ ಎಲ್ಲರ ಜುಟ್ಟನ್ನೂ ತಾವೇ ನಿಲ್ಲಿಸಿದ್ದರು, ಅಕ್ಕ ಕೂಡ ಮೊದಲ ಸಲ ಮೆಟ್ಟಿಲಿಳಿದು ಬಂದು ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಳು. ಡಬ್ಬಿಯ ಕಣ್ಣಿಗೆ ಅವಳು ಯಾವತ್ತೂ ಹಚ್ಚದಷ್ಟು ಕಪ್ಪು. ನಾನು ಆ ಕಣ್ಣು ನೋಡಿಕೊಂಡೇ ಬೇಸ್ ಹೊಡೆದೆ. ಕೊನೇ ಹಾಡು ಬಂತು. ಪಲ್ಲವಿ ಮುಗಿಸಿ ನೇರ ಮುಕ್ತಾಯಕ್ಕೆ ಹೋಗಬೇಕು. ಕೋಣೆಯಲ್ಲಿ ಒಬ್ಬನೇ ಎಷ್ಟು ಸಲ ಹಾಡಿಕೊಂಡಿದ್ದೆನೋ ಏನೋ, ನನ್ನ ಬಾಯಿ ನನ್ನನ್ನು ಕೇಳದೆ ಆ ಚರಣಕ್ಕೇ ಹೋಯಿತು.

'ಸತ್ತ ಮೇಲೆ ಬಂದು ಕಾಡೋ ತಾಳ್ಮೆ ನನಗಿಲ್ಲ...'

ಅವಳು ಮುಕ್ತಾಯಕ್ಕೆ ಹೋಗಿಬಿಟ್ಟಿದ್ದಳು. ನಾನೊಂದು ಕಡೆ, ಅವಳೊಂದು ಕಡೆ, ನಡುವೆ ಭಾವನ ಗಿಟಾರ್ ದಾರಿ ತಪ್ಪಿತು. ಡ್ರಮ್ ನಿಂತಿತು. ಅವಳ ಡ್ರಮ್ ಹಾಡಿನ ನಡುವೆ ನಿಂತದ್ದನ್ನು ನಾವು ಯಾರೂ ಕೇಳಿರಲಿಲ್ಲ.

"ಏಯ್ ಲಿಫ್ಟು! ಆ ಚರಣ ತೆಗೆದಿದ್ವಲ್ಲೋ!"

ಅವಳ ಮುಂದೆ ಮೈಕ್ ಇರಲಿಲ್ಲ. ನನ್ನ ಮುಂದೆ ಇತ್ತು.

"ತೆಗೆಯೋಕೆ ಆಗ್ಲಿಲ್ಲ," ಅಂದೆ. ನೆಲಮಾಳಿಗೆಗೆಲ್ಲ ಕೇಳಿಸಿತು.

"ಅದ್ರಲ್ಲಿ ಹೆಣ ಇಲ್ಲ ಅಂತ ಹೇಳಿರ್ಲಿಲ್ವಾ?"

"ಅದು ಹಾಡಿಗೆ ಬರೆದಿದ್ದಲ್ಲ ಡಬ್ಬಿ. ನಿನಗೆ ಬರೆದಿದ್ದು."

"ಅಯ್ಯೋ ನನ್ನ ತಮ್ಮನೇ, ಈಗ ಹೇಳ್ತಿದೀಯಾ!" ಅಂತ ಅಕ್ಕ ಹಣೆ ಚಚ್ಚಿಕೊಂಡಳು. ಡಬ್ಬಿ ನನ್ನನ್ನೇ ನೋಡುತ್ತಿದ್ದಳು. ಕಣ್ಣಿನ ಕಪ್ಪು ಕೆನ್ನೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳುವುದಕ್ಕೂ ಅವಳು ಕೋಲು ಕೆಳಗಿಡಲಿಲ್ಲ.

"ಮುಗಿಸೋಣ," ಅಂದಳು ಕೊನೆಗೆ. "ಆ ಚರಣದಿಂದ."

ಮುಗಿಸಿದೆವು. ನನ್ನ ಕೈ ಅಲ್ಲಿ ಎಳೆಯಿತು, ಅವಳು ಗದರಲಿಲ್ಲ, ನನ್ನ ಜೊತೆಗೇ ನಿಧಾನವಾದಳು.

ಜನ ಖಾಲಿಯಾದ ಮೇಲೆ ಮೆಟ್ಟಿಲ ಮೇಲೆ ಕೂತೆವು. ಕೈ ಹಿಡಿದುಕೊಂಡೆ. ಅವಳ ಅಂಗೈಯಲ್ಲಿ ಗುಳ್ಳೆ, ನನ್ನ ಬೆರಳಲ್ಲಿ ಗುಳ್ಳೆ, ಇಬ್ಬರಿಗೂ ಉರಿಯಿತು, ಇಬ್ಬರೂ ಬಿಡಲಿಲ್ಲ.

"ನಾನು ಅವ್ರಿಗೆ ಹ್ಞೂ ಅಂದಾಯ್ತು ಕಣೋ. ಅವತ್ತು ನೀನು ಹೋಗು ಅಂದೆಯಲ್ಲ, ಆ ಸಿಟ್ಟಿಗೆ ಮನೆಗೆ ಹೋಗೋಕೆ ಮುಂಚೆನೇ ಫೋನ್ ಮಾಡಿದ್ದೆ."

"ಗೊತ್ತು."

"ಈಗ ಬೇಡ ಅನ್ನು. ಒಂದೇ ಸಲ ಅನ್ನು ಸಾಕು. ಬರಲ್ಲ ಅಂತ ಅವ್ರಿಗೆ ಹೇಳ್ಬಿಟ್ಟು, ನಾಳೆಯಿಂದ ಮತ್ತೆ ಅಂಗಡಿಗೆ ಹೋಗ್ತೀನಿ, ನಿಂಗೆ ದಾರ ಸುತ್ತಿ ಕೊಡ್ತೀನಿ."

ಅವಳು ನಿಜಕ್ಕೂ ಹಾಗೆ ಮಾಡುವವಳೇ. ನನಗೆ ಬೇಕಾಗಿದ್ದದ್ದೂ ಅದೇ, ಇನ್ನೇನೂ ಬೇಕಾಗಿರಲಿಲ್ಲ. ಆದರೆ ಅವಳು ಗೋದಾಮಿನಲ್ಲಿ ಡಬ್ಬಿ ತಟ್ಟುತ್ತಾ ಮುದುಕಿಯಾಗುವುದು ಕಣ್ಣಿಗೆ ಕಟ್ಟಿತು. ಅವಳ ಕೈಗೆ ಎಷ್ಟು ದೊಡ್ಡ ಸದ್ದು ಗೊತ್ತಿದೆ ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಪ್ರೀತಿ ಬಾಯಿಗೆ ಬಂದ ದಿನವೇ ಬಾಯಿ ಕಟ್ಟಿಕೊಳ್ಳಬೇಕಾಯಿತು.

"ಹೋಗಿ ಬಾ," ಅಂದೆ.

ಅವಳು ನನ್ನ ಭುಜಕ್ಕೆ ಗುದ್ದಿದಳು. ಆಮೇಲೆ ಗುದ್ದಿದ ಜಾಗದಲ್ಲೇ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಹೊರಡುವ ದಿನ ಬೆಳಿಗ್ಗೆ ದೊಡ್ಡ ಬ್ಯಾಂಡಿನವರ ವ್ಯಾನ್ ಅಂಗಡಿಯ ಮುಂದೆ ನಿಂತಿತು. ಡ್ರಮ್‌ಗಳನ್ನು ನಾನೇ ಎತ್ತಿ ಒಳಗಿಟ್ಟು, ಉರುಳದಂತೆ ಬೆಲ್ಟ್ ಬಿಗಿದೆ. ಚಿಕ್ಕಪ್ಪ ಶಟರಿನ ಪಕ್ಕದಲ್ಲಿ ನಿಂತು ಮೂಗೊರೆಸಿಕೊಳ್ಳುತ್ತಿದ್ದರು. ಡ್ರೈವರ್ ಹಾರ್ನ್ ಹೊಡೆದ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ಕಾಲರ್ ಹಿಡಿದು ಹತ್ತಿರ ಎಳೆದಳು.

"ಫೋನ್ ಮಾಡು, ದಿನಾ ಮಾಡು. ಬೈ, ಅಳು, ಹಾಡು, ಏನಾದ್ರೂ ಮಾಡು. ಬಾ ಅಂತ ಮಾತ್ರ ಕರೀಬೇಡ ಕಣೋ."

"ಯಾಕೆ?"

"ಕರೆದ್ರೆ ಬಂದ್ಬಿಡ್ತೀನಿ."

ವ್ಯಾನ್ ಹೊರಟಿತು. ರಸ್ತೆಯ ಕೊನೆಯಲ್ಲಿ ಸಿಗ್ನಲ್ ಬಿದ್ದು ನಿಂತಿತು. ಅಲ್ಲಿಂದಲೂ ಅವಳು ತಿರುಗಿ ನನ್ನನ್ನೇ ನೋಡುತ್ತಿದ್ದಳು. ಕೂಗಿದ್ದರೆ ಕೇಳಿಸುವಷ್ಟು ದೂರ. ಆ ಒಂದು ಅಕ್ಷರ ಬಾಯಿ ತುಂಬಾ ಇತ್ತು.

ನಾನು ಕರೆಯಲಿಲ್ಲ.