ಎಣಿಕೆ ತಪ್ಪಿದ ಮೂರು ಸಾಲು

"ಈ ಸಾಲುಗಳ ಹಣ್ಣು ಎಲ್ಲಿ?"

ಬೆಳಗಿನ ಮಂಜು ಆಗಷ್ಟೇ ಕರಗುತ್ತಿತ್ತು. ಖಾಲಿ ಬುಟ್ಟಿ ಹಿಡಿದು ಇಳಿಜಾರಿನ ತುದಿಯಲ್ಲಿ ನಿಂತು ಹೀಗೆ ಕೇಳಿದವನು ತಿಬೋ. ನಿನ್ನೆಯ ಕೊಯ್ಲಿನಲ್ಲಿ ಮರೆತ ಕ್ರೇಟುಗಳನ್ನು ಆರಿಸಿಕೊಳ್ಳಲು ಬಂದಿದ್ದ ಸೊಲಾಂಜ್ ತಲೆಯೆತ್ತಿದಳು. ಇಬ್ಬರ ನಡುವೆ ಮೂರು ಸಾಲು ದ್ರಾಕ್ಷಿ ಬಳ್ಳಿಗಳು ಒಂದೇ ಒಂದು ಗೊಂಚಲಿಲ್ಲದೆ ಬೋಳಾಗಿ ನಿಂತಿದ್ದವು.

"ನಮ್ಮವರು ಕೊಯ್ದ್ರು... ಇದು ನಮ್ಮದಲ್ವಾ?"

"ನಿಮ್ಮದು ಆ ಕಲ್ಲಿಗೆ ಮುಗೀತು. ಇದು ನಂದು."

ಸೊಲಾಂಜ್ ಕಲ್ಲಿನ ಕಡೆ ನೋಡಿದಳು. ಅದು ಮೂರು ಸಾಲು ಹಿಂದೆಯೇ ಇತ್ತು.

ಫ್ರಾನ್ಸಿನ ಬರ್ಗಂಡಿಯ ನಮ್ಮೂರಿನಲ್ಲಿ ಒಂದೇ ಇಳಿಜಾರನ್ನು ಹತ್ತು ಮನೆಯವರು ಹಂಚಿಕೊಂಡಿದ್ದೇವೆ. ಬೇಲಿಯಿಲ್ಲ, ಗಡಿಗೊಂದು ಕಲ್ಲು ಅಷ್ಟೇ. ಕೊಯ್ಲಿನ ಹಿಂದಿನ ಸಂಜೆ ಮನೆಯವರೇ ಹೋಗಿ ತಮ್ಮ ಮೊದಲ ಸಾಲಿಗೂ ಕೊನೆಯ ಸಾಲಿಗೂ ಬಟ್ಟೆ ಕಟ್ಟಿ ಬರಬೇಕು. ಕೊಯ್ಲಿನವರು ಬಟ್ಟೆ ನೋಡಿಕೊಂಡು ಕತ್ತರಿ ಹಾಕುತ್ತಾರೆ, ಕಲ್ಲು ನೋಡುವ ಗೋಜಿಗೆ ಹೋಗುವುದಿಲ್ಲ.

ಈ ಸಲ ಬಟ್ಟೆ ಕಟ್ಟಿದವಳು ಸೊಲಾಂಜ್. ಗೋಡೆಯಿಂದ ಇಪ್ಪತ್ತೆರಡು ಸಾಲು ಎಂಬುದು ಅವಳಿಗೆ ಚಿಕ್ಕಂದಿನಿಂದ ಬಾಯಿಪಾಠ. ಆದರೆ ಗೋಡೆ ಪಕ್ಕದ ಮೂರು ಸಾಲಿಗೆ ರೋಗ ಹತ್ತಿ, ಕಳೆದ ಚಳಿಗಾಲದಲ್ಲಿ ಬೇರುಸಮೇತ ಕೀಳಿಸಿದ್ದರು. ಎದುರಿಗೆ ನಿಂತು ಕೀಳಿಸಿದವಳೂ ಇವಳೇ! ಉಳಿದದ್ದು ಹತ್ತೊಂಬತ್ತೇ ಸಾಲು, ಬೆರಳು ಮಾತ್ರ ಹಳೆಯ ಇಪ್ಪತ್ತೆರಡನ್ನೇ ಎಣಿಸಿ ತಿಬೋನ ಮೂರು ಸಾಲಿಗೆ ದಾಟಿಬಿಟ್ಟಿತು. ಹೊಸಬರಾಗಿದ್ದರೆ ಕಲ್ಲು ಹುಡುಕಿ ನೋಡುತ್ತಿದ್ದರು. ಎಲ್ಲ ಗೊತ್ತಿದ್ದವಳಿಗೇ ಇಂಥ ಎಡವಟ್ಟು ಆಗುವುದು.

"ಹಣ್ಣು ವಾಪಸ್ ಕೊಡಿ," ಎಂದ ತಿಬೋ.

"ನಿನ್ನೆ ಸಂಜೇನೇ ವೈನ್ ತೊಟ್ಟಿಗೆ ಬಿತ್ತು... ನಮ್ಮದರ ಜೊತೆ ಬೆರೆತುಹೋಯ್ತು."

ಅವನು ಬುಟ್ಟಿಯನ್ನು ನೆಲಕ್ಕಿಟ್ಟ. ಸೋದರಮಾವ ಸಾಯುವಾಗ ಬಿಟ್ಟುಹೋದ ಐದೇ ಸಾಲು ಅವನ ಆಸ್ತಿ. ವಾರವಿಡೀ ಬೇರೆಯವರ ಬಳ್ಳಿ ಸವರಿ, ಭಾನುವಾರ ಬಂದು ಇವನ್ನು ನೋಡಿಕೊಂಡಿದ್ದ. ಅವನ ಹೆಸರಿನ ಮೊದಲ ವೈನ್ ಆಗಬೇಕಿದ್ದ ಹಣ್ಣು ಅದು. ಉಳಿದೆರಡು ಸಾಲಿನಿಂದ ಒಂದು ಪೀಪಾಯಿಯೂ ತುಂಬುವುದಿಲ್ಲ.

ಅವನು ಬೈದಿದ್ದರೂ ಸಹಿಸುತ್ತಿದ್ದಳೇನೋ. ಆ ಖಾಲಿ ಬುಟ್ಟಿ ಕಂಡು ಸೊಲಾಂಜ್ ಕಣ್ಣಲ್ಲಿ ನೀರು ಬಂತು. ಹಣ್ಣಿಗೆ ಹಣ್ಣು ತೂಗಿ ಕೊಡುವುದು ಊರ ಪದ್ಧತಿ, ಆದರೆ ಕೊಟ್ಟರೆ ಅಪ್ಪನಿಗೆ ತಿಳಿಯುತ್ತದೆ. ಅಪ್ಪ ಆನ್ಸೆಲ್ಮ್‌ಗೆ ಮಂಡಿ ಕೆಟ್ಟು, ಇದೊಂದು ಕೊಯ್ಲನ್ನು ಪರೀಕ್ಷೆಗೆಂದು ಮಗಳ ಕೈಗೆ ಕೊಟ್ಟಿದ್ದರು. ಅವಳು ಎಡವಿದರೆ ತೋಟವನ್ನು ದೊಡ್ಡ ವ್ಯಾಪಾರಿಯೊಬ್ಬನಿಗೆ ಒಂಬತ್ತು ವರ್ಷ ಗೇಣಿಗೆ ಕೊಡುವ ಪತ್ರ ಮೇಜಿನ ಖಾನೆಯಲ್ಲಿ ಸಿದ್ಧವಾಗಿತ್ತು.

ಅದನ್ನೆಲ್ಲ ತೊದಲುತ್ತ ಹೇಳಿ, "ಸ್ವಲ್ಪ ದಿನ ಸುಮ್ಮನಿರಿ... ದಯವಿಟ್ಟು. ಆ ತೋಟ ಬಿಟ್ರೆ ನನಗೇನೂ ಗೊತ್ತಿಲ್ಲ," ಎಂದಳು.

ತಿಬೋ ನೆಲಕ್ಕಿಟ್ಟ ಬುಟ್ಟಿಯನ್ನು ಎತ್ತಿಕೊಂಡ.

"ಸರಿ, ಯಾರಿಗೂ ಹೇಳಲ್ಲ. ಆದ್ರೆ ನನ್ನ ಹಣ್ಣು ನಿಮ್ಮ ತೊಟ್ಟೀಲಿದೆ. ದಿನಾ ಬಂದು ನೋಡ್ತೀನಿ. ಬೇಡ ಅನ್ಬಾರ್ದು."

ಅಂತೂ ದಿನಾ ಸಂಜೆ ನೆಲಮಾಳಿಗೆಗೆ ಬಂದ, ಮಂಡಿ ಕೆಟ್ಟ ಅಪ್ಪ ಅಲ್ಲಿಗೆ ಇಳಿಯುತ್ತಿರಲಿಲ್ಲ. ಬಂದವನು ಸುಮ್ಮನೆ ನಿಲ್ಲುವ ಜಾತಿಯಲ್ಲ. ಪ್ಯಾಂಟು ಮಡಚಿ ತೊಟ್ಟಿಗೆ ಇಳಿದು, ಹುದುಗುವಾಗ ಮೇಲೆ ಉಬ್ಬಿ ಬಂದ ದ್ರಾಕ್ಷಿ ಸಿಪ್ಪೆಯನ್ನು ಕಾಲಿನಿಂದ ತುಳಿದು ರಸದೊಳಗೆ ಅದುಮುತ್ತಿದ್ದ. ಸೊಲಾಂಜ್ ಇನ್ನೊಂದು ಬದಿಯಿಂದ ತುಳಿಯುತ್ತಿದ್ದಳು. ತೊಡೆಯವರೆಗೆ ಬೆಚ್ಚನೆಯ ಕೆಂಪು ರಸ. ಮೊದಲೆರಡು ದಿನ ಬರೀ ರಸದ ಬಿಸಿ ಎಷ್ಟು, ಹುಳಿ ಎಷ್ಟು ಎಂಬ ಮಾತು. ಆಮೇಲೆ ಅವನು ಮಾವನ ಸಿಡುಕಿನ ಕಥೆ ಹೇಳಿದ. ಅವಳು ಅಮ್ಮ ತೀರಿಕೊಂಡ ವರ್ಷದ ವೈನನ್ನು ಅಪ್ಪ ಇವತ್ತಿಗೂ ಮುಟ್ಟುವುದಿಲ್ಲ ಎಂದು ಹೇಳಿದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಇವನ ಹತ್ತಿರ ಮಾತ್ರ ಯಾಕೆ ಬಾಯಿಬಿಟ್ಟೆ? ಅಂದು ತೊಟ್ಟಿಯಿಂದ ಹತ್ತುವಾಗ ಅವನು ಕೈ ಕೊಟ್ಟ, ಹತ್ತಿ ನಿಂತ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ಕದ್ದ ಹಣ್ಣಿನ ಮೇಲೆ ಬಂದ ಸಂತೋಷ ಇದು... ಎಂದು ಅವಳ ಮನಸ್ಸು ಒಳಗೇ ಚುಚ್ಚುತ್ತಿತ್ತು.

ಹನ್ನೊಂದನೆಯ ದಿನ ಅಪ್ಪ ಕೋಲೂರಿಕೊಂಡು ಇಳಿಜಾರಿಗೆ ಹೋಗಿಬಂದರು. ಮುಖ ಗಂಟಿಕ್ಕಿತ್ತು.

"ಆ ತಿಬೋ ಸಿಕ್ಕಿದ್ದ. ಮೂರು ಸಾಲಿನ ವಿಷಯ ಎಲ್ಲಾ ಹೇಳಿದ. ಭಾನುವಾರದ ಊಟಕ್ಕೆ ಮಾತಾಡೋಣ," ಎಂದು ಬಾಗಿಲು ಹಾಕಿಕೊಂಡರು.

ಸೊಲಾಂಜ್‌ಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. ಸಂಜೆ ಅವನು ಎಂದಿನಂತೆ ಬಂದಾಗ ನೆಲಮಾಳಿಗೆಯ ಬಾಗಿಲಲ್ಲೇ ತಡೆದಳು.

"ಮಾತು ಕೊಟ್ಟಿದ್ರಿ ನೀವು. ಹಣ್ಣಿಗೋಸ್ಕರ ಕಾದು ಕೂತು ಸೇಡು ತೀರಿಸ್ಕೊಂಡ್ರಲ್ಲ... ನಾನು ಏನೇನೋ ಅಂದ್ಕೊಂಡಿದ್ದೆ. ಇನ್ನು ಈ ಕಡೆ ಬರಬೇಡಿ."

"ಏನೇನೋ ಅಂದ್ರೆ?"

"ಹೋಗಿ ಅಂದೆ."

ಅವನು ಇಷ್ಟೇ ನಂಬಿಕೆಯಾ ಎಂದಷ್ಟೇ ಹೇಳಿ ಹೊರಟುಹೋದ. ಅವತ್ತಿನಿಂದ ಅವಳು ಒಬ್ಬಳೇ ತುಳಿದಳು. ಅತ್ತರೆ ಯಾರಿಗೂ ಕೇಳಿಸದಂಥ ಜಾಗ ಅದು.

ಭಾನುವಾರ ಮಧ್ಯಾಹ್ನ ಕೊಯ್ಲು ಮುಗಿದ ಊಟ. ಕೊಯ್ಲಿನವರೆಲ್ಲ ಉದ್ದ ಮೇಜಿಗೆ ಕೂತಿದ್ದರು. ವೈನಿನಲ್ಲಿ ಬೆಂದ ಮಾಂಸದ ಪಾತ್ರೆ ಕೈಯಿಂದ ಕೈಗೆ ಹೋಗುತ್ತಿತ್ತು. ಸೊಲಾಂಜ್ ಅದನ್ನು ಪಕ್ಕದವರಿಗೆ ದಾಟಿಸಿದಳು. ಅಪ್ಪ ಗ್ಲಾಸು ಎತ್ತಿದರು.

"ನನ್ನ ಮಗಳು ನನ್ನ ಕೇಳದೆ ಮೂರು ಸಾಲು ಹಣ್ಣು ಕೊಂಡಿದ್ದಾಳೆ. ಇರಲಿ, ಹಣ್ಣು ಚೆನ್ನಾಗಿದೆ. ಆದ್ರೆ ಆ ಹುಡುಗನ್ನ ನೋಡಿ. ಮಾವ ನಲವತ್ತು ವರ್ಷ ಸಾಕಿದ ಬಳ್ಳಿ, ಇವನು ಒಂದೇ ವರ್ಷಕ್ಕೆ ಕೈಚೆಲ್ಲಿದ. ನನ್ನ ಕೈಲಾಗಲ್ಲ, ಅದಕ್ಕೇ ನಿಮ್ಮ ಮಗಳಿಗೆ ಮಾರಿದೆ ಅಂತ ನನಗೇ ಹೇಳಿದ."

ಮೇಜೆಲ್ಲ ನಕ್ಕಿತು. ಇನ್ನು ಅಂಥವನ ಕೈಗೆ ಬಳ್ಳಿ ಸವರಲು ಯಾರು ಕತ್ತರಿ ಕೊಡುತ್ತಾರೆ ಎಂದು ಯಾರೋ ಅಂದರು, ಇನ್ನೂ ಜೋರಾಗಿ ನಕ್ಕರು.

ಸೊಲಾಂಜ್ ಮಾತ್ರ ನಗಲಿಲ್ಲ. ಅವನು ನನ್ನನ್ನು ಹಿಡಿದುಕೊಡಲಿಲ್ಲ... ನನಗಾಗಿ ಊರ ನಗೆಪಾಟಲಿಗೆ ಈಡಾದ! ನಾನೋ, ಬಾಗಿಲಲ್ಲಿ ನಿಲ್ಲಿಸಿ ಉಗಿದೆ.

ಸುಮ್ಮನಿದ್ದರೆ ತೋಟ ಅವಳದೇ. ಅಪ್ಪನ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಒಂದು ಗುಟುಕು ಕುಡಿದು ಸುಮ್ಮನಿದ್ದರೆ ಸಾಕಿತ್ತು.

ಅವಳು ಎದ್ದು ನಿಂತಳು.

"ಅವರು ಮಾರಲಿಲ್ಲ ಅಪ್ಪ. ನಾನು ಎಣಿಕೆ ತಪ್ಪಿ ಬಟ್ಟೆ ಕಟ್ಟಿದೆ. ಅವರನ್ನ ಕೇಳದೆ ಕೊಯ್ದಿದ್ದು ನಾವು. ನಾನು ಬೇಡ್ಕೊಂಡೆ ಅಂತ ಅವರು ಬಾಯಿ ಮುಚ್ಕೊಂಡ್ರು."

ಆನ್ಸೆಲ್ಮ್ ಗ್ಲಾಸನ್ನು ಮೇಜಿಗಿಟ್ಟರು.

"ಎಣಿಕೆ ತಪ್ಪಿದ್ದಕ್ಕೆ ಬೈದು ಸುಮ್ಮನಾಗ್ತಿದ್ದೆ. ಇಷ್ಟು ದಿನ ಅದನ್ನ ಮುಚ್ಚಿಟ್ಟು ನನ್ನೆದುರು ಕೂತು ಊಟ ಮಾಡಿದ್ಯಲ್ಲ... ಅದನ್ನ ಹೇಗೆ ನುಂಗಲಿ? ನಾಳೆ ಗೇಣಿ ಪತ್ರಕ್ಕೆ ಸಹಿ ಹಾಕ್ತೀನಿ. ಒಂಬತ್ತು ವರ್ಷ ತೋಟದ ಕಡೆ ಬರಬೇಡ. ಆ ತೊಟ್ಟಿ ಮಾತ್ರ ಗೇಣಿಗೆ ಸೇರಲ್ಲ. ಅವನ ಹಣ್ಣಿದೆ ಅದರಲ್ಲಿ. ಇಬ್ಬರೂ ಏನು ಬೇಕಾದ್ರೂ ಮಾಡ್ಕೊಳ್ಳಿ."

ಅಪ್ಪನ ದನಿ ಕೊನೆಗೆ ಒಡೆದಿತ್ತು. ಆದರೆ ಆನ್ಸೆಲ್ಮ್ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವವರಲ್ಲ.

ಆ ಸಂಜೆ ತಿಬೋ ತನ್ನ ಮನೆಯಂಗಳದಲ್ಲಿ ಪುಟ್ಟ ಪೀಪಾಯಿ ತೊಳೆಯುತ್ತಿದ್ದ. ಅವಳು ಬೇಲಿಯ ಆಚೆಯೇ ನಿಂತು ಎಲ್ಲವನ್ನೂ ಹೇಳಿದಳು. ಅವನ ಕೈಯಿಂದ ಕೊಳವೆ ಜಾರಿ ನೀರು ಕಾಲ ಮೇಲೆಲ್ಲ ಹರಿಯಿತು.

"ಯಾಕೆ ಹೇಳಿದ್ರಿ? ತೋಟ ನಿಮಗೆ ಉಳೀಲಿ ಅಂತ ತಾನೆ ಸುಳ್ಳು ಹೇಳಿದ್ದು ನಾನು?"

"ನಿಮ್ಮನ್ನ ನೋಡಿ ನಗ್ತಿದ್ರು... ಕೇಳಿಸ್ಕೊಂಡು ಕೂರೋಕೆ ಆಗ್ಲಿಲ್ಲ." ಅಲ್ಲಿಯವರೆಗೆ ತಡೆದಿದ್ದ ಅಳು ಈಗ ನುಗ್ಗಿ ಬಂತು. "ಎಲ್ಲಾ ಹೋಯ್ತು ತಿಬೋ."

ಅವನು ಬಂದು ಬೇಲಿಯ ಬಾಗಿಲು ತೆರೆದ.

"ಮೊದಲ ಎರಡು ದಿನ ಹಣ್ಣು ನೋಡೋಕೇ ಬಂದೆ. ಮೂರನೇ ದಿನದಿಂದ ಯಾತಕ್ಕೆ ಬರ್ತಿದ್ದೆ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅದಕ್ಕೇ ಅಷ್ಟು ಕೋಪ ಬಂದಿದ್ದು." ಅವಳು ಕಣ್ಣೊರೆಸಿಕೊಂಡಳು. "ನನಗೂ ನೀವು ಬೇಕು. ಕ್ಷಮಿಸ್ತೀರಾ?"

"ಯಾವುದಕ್ಕೆ? ಹಣ್ಣಿಗಾ, ಬೈದಿದ್ದಕ್ಕಾ?"

"ಎರಡಕ್ಕೂ."

"ಹಣ್ಣಿಂದು ಅವತ್ತೇ ಮುಗೀತು. ಬೈದಿದ್ದಕ್ಕೆ... ಸ್ವಲ್ಪ ಟೈಮ್ ಬೇಕು."

"ಎಷ್ಟು?"

"ಒಂಬತ್ತು ವರ್ಷ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಅಲ್ಲಿವರೆಗೂ ಎಲ್ಲಿರಲಿ ನಾನು?"

"ಇಲ್ಲಿ," ಎಂದು ತಿಬೋ ಅವಳನ್ನು ಒಳಗೆ ಕರೆದುಕೊಂಡ.